ನೇರಳೆ ಮಾಸುವ ಹೊತ್ತು

ಒಂಬತ್ತು ಶೀಶೆ. ಎಲ್ಲದರ ಮೇಲೂ ಪೈನ್ ಮರದ ಚಿತ್ರ.
ಒಂದರಲ್ಲಿ ಮರದ ಹಿಂದೆ ಸೂರ್ಯ, ಇನ್ನೊಂದರಲ್ಲಿ ಹಿಮಬೆಟ್ಟ.
ನಮ್ಮ ಲಾಂದ್ ಸೀಮೆಯಲ್ಲಿ ಬೆಟ್ಟವೇ ಇಲ್ಲ,
ಹಾಸಿದ ಮರಳು, ಮರಳಿನ ಮೇಲೆ ಪೈನು, ಅದರಾಚೆ ಕಡಲು.

ಒಂಬತ್ತನೆಯದು ಎಲಿಯೆತ್ ಚಿಕ್ಕಮ್ಮನದು.
ಡಾಕ್ಸಿನ ಔಷಧಿ ಅಂಗಡಿಯಲ್ಲಿ ನಲವತ್ತೆರಡು ಯೂರೋ ತೆತ್ತು ತಂದದ್ದು.
ರಸೀದಿಯಲ್ಲೇ ಸುತ್ತಿ ನನ್ನ ಕೈಗಿಟ್ಟು
"ನೋಡಿ ಹೇಳೇ ಮಾಯ್ಲಿಸ್, ಇದಕ್ಕೆ ಕಸುವಿದೆಯಾ?" ಎಂದಳು.
ಕಸುವು. ಪ್ರಯೋಗಾಲಯದಲ್ಲಿ ಆ ಮಾತಿಗೊಂದು ಸಂಖ್ಯೆ ಇದೆ.

ಬೆಳಿಗ್ಗೆ ನೇರಳೆ ದ್ರಾವಣ ಕಲಸುತ್ತೇನೆ.
ಒಂಟಿ ಎಲೆಕ್ಟ್ರಾನು ಹೊತ್ತು ಅಲೆವ ಕಣಗಳ ಬಣ್ಣ ಅದು,
ಹಸಿದವರ ಬಣ್ಣ.
ಯಾರಾದರೂ ತಮ್ಮದನ್ನೊಂದು ಬಿಟ್ಟುಕೊಟ್ಟರೆ
ಅವು ತಣಿಯುತ್ತವೆ, ನೇರಳೆ ಮಾಸಿ ಹಳದಿಗಿಳಿಯುತ್ತದೆ.
ಕೊಡುವುದೇ ಇಲ್ಲಿ ಬಲ.
ಮೂವತ್ತು ನಿಮಿಷ ಕತ್ತಲಲ್ಲಿ ಇಡಬೇಕು.

ಆ ಅರ್ಧ ಗಂಟೆ ನನಗೆ ಕೆಲಸವಿಲ್ಲ.
ಕಾಫಿ ಕುಡಿಯುತ್ತೇನೆ, ಅಜ್ಜ ಬೆರ್ನಾ ನೆನಪಾಗುತ್ತಾನೆ,
ಕಾಡಿನಲ್ಲಿ ರಾಳ ಇಳಿಸುತ್ತಿದ್ದವನು.
ಬಾಗಿದ ಕೊಡಲಿಯಿಂದ ತೊಗಟೆ ಕೆರೆದು
ಮರಕ್ಕೊಂದು ಗಾಯ, ಗಾಯದ ಕೆಳಗೊಂದು ಮಣ್ಣಿನ ಕುಡಿಕೆ.
ಕೆರೆದ ತೊಗಟೆ ಒಲೆಗೆ. ಅದು ಕಸ.
"ತೊಗಟೆ ಮಾರಿ ಉಂಡವರುಂಟೇ?" ಎಂದು ನಗುತ್ತಿದ್ದವನ
ಅಂಗೈ ಜೀವಮಾನವಿಡೀ ಅಂಟಂಟು;
ಬ್ರೆಡ್ಡು ಮುರಿದರೆ ಬ್ರೆಡ್ಡಿಗೂ ಮರದ ವಾಸನೆ.
ಎಪ್ಪತ್ತೊಂದಕ್ಕೆ ಹೋದ. ಅವನ ರಕ್ತದಲ್ಲಿ
ಏನೆಷ್ಟಿತ್ತೆಂದು ಯಾರೂ ಅಳೆದಿರಲಿಲ್ಲ.

ಗಡಿಯಾರ ಕೂಗಿತು.
ಮೊದಲನೆಯದು ಒಣಹುಲ್ಲಿನ ಹಳದಿ. ಚೆನ್ನ.
ಮೂರನೆಯದು, ಆ ಹಿಮಬೆಟ್ಟದ್ದು, ಬೆಳಗಿನಷ್ಟೇ ನೇರಳೆ:
ಒಳಗಿದ್ದದ್ದು ಹಿಟ್ಟು, ಒಂದಿಷ್ಟು ಕಂದು ಬಣ್ಣ, ತುಂಬ ಭರವಸೆ.
ಆರು, ಏಳು ಹಾಗೂ ಹೀಗೂ.
ಒಂಬತ್ತು ಎಲ್ಲಕ್ಕಿಂತ ಮುಂದು,
ನಿಂಬೆ ಹಳದಿ, ನೇರಳೆಯ ಸುಳಿವೇ ಇಲ್ಲ.
ಚಿಕ್ಕಮ್ಮ ಗೆದ್ದಳು ಎಂದುಕೊಂಡೆ.

ಆದರೆ ಮೂಲೆಯಲ್ಲಿ ಇನ್ನೊಂದು ಯಂತ್ರವಿದೆ, ನಿಧಾನಸ್ಥ.
ಅದು ಬಲ ಕೇಳುವುದಿಲ್ಲ.
ಗುಂಪಿನಿಂದ ಒಬ್ಬೊಬ್ಬರನ್ನೇ ಬಿಡಿಸಿ
ಯಾವೂರು, ಯಾರ ಪೈಕಿ ಎಂದು ವಿಚಾರಿಸಿ
ಪರದೆಯ ಮೇಲೆ ಶಿಖರ ಬರೆಯುತ್ತದೆ.
ಪೈನಿನ ಶಿಖರಗಳು ನನಗೆ ಬಾಯಿಪಾಠ.
ಒಂಬತ್ತನೆಯದರಲ್ಲಿ ಅವು ಬರಲೇ ಇಲ್ಲ.
ಬೇರೆಯವು ಬಂದವು, ಕೊಂಚ ತಡವಾಗಿ, ಸಂಕೋಚವಿಲ್ಲದೆ.
ಎರಡು ಸಲ ನಡೆಸಿದೆ. ಪಟ್ಟಿ ತಿರುವಿದೆ.

ಕಡಲೆಕಾಯಿ ಸಿಪ್ಪೆ.
ಹೊರಗಿನ ಗಟ್ಟಿ ಚಿಪ್ಪಲ್ಲ, ಬೀಜಕ್ಕಂಟಿದ ಆ ಕೆಂಪು ಪೊರೆ,
ಹುರಿದು, ಅಂಗೈಯಲ್ಲಿ ತಿಕ್ಕಿ, ಉಫ್ ಎಂದು ಊದುತ್ತೇವಲ್ಲ, ಅದು.

ಅದರ ಕಸುವು ಸುಳ್ಳಲ್ಲ, ಅದೇ ತೊಡಕು.
ಹೆಸರು ಸುಳ್ಳು, ಬೆಲೆ ಸುಳ್ಳು, ಚಿತ್ರದ ಮರ ಸುಳ್ಳು;
ಕೊಡಬೇಕಾದದ್ದನ್ನು ಮಾತ್ರ ಆ ಪೊರೆ ಲೆಕ್ಕವಿಡದೆ ಕೊಟ್ಟಿತ್ತು.
ವರದಿಯಲ್ಲಿ ಎರಡು ಕಲಂ: ಬಲ, ಗುಣಮಟ್ಟ.
ಮೊದಲನೆಯದರಲ್ಲಿ ತೊಂಬತ್ತೊಂದು ಬರೆದೆ,
ಎರಡನೆಯದರಲ್ಲಿ ಕೆಂಪು ಶಾಯಿಯಲ್ಲಿ "ಪೈನ್ ಅಲ್ಲ."
ಗಾಜಿನ ನಳಿಗೆ ಎಲಿಯೆತ್ ಅಲ್ಲ,
ಅವಳ ಮಂಡಿ, ಅವಳ ನಿದ್ದೆಗೆಟ್ಟ ರಾತ್ರಿ ಅಲ್ಲ
ಎಂದು ಬರೆಯಲು ಮೂರನೇ ಕಲಂ ಇರಲಿಲ್ಲ.

ಭಾನುವಾರ ಹೋಗಿ ಹೇಳಿದೆ.
ಚಿಕ್ಕಮ್ಮ ಎದ್ದು ಕೈ ತೊಳೆದಳು, ಮೊಣಕೈವರೆಗೆ, ಮತ್ತೊಮ್ಮೆ ತೊಳೆದಳು.
ಮೊಮ್ಮಗ ತಿತುವಾನ್‌ಗೆ ಕಡಲೆಕಾಯಿ ಆಗದು.
ಆರು ವರ್ಷದಿಂದ ಆ ಮನೆಗೆ ಒಂದು ಕಾಳೂ ಬಂದಿಲ್ಲ;
ಇದು ಮಾತ್ರ ಅವಳ ದಿಂಬಿನ ಪಕ್ಕದಲ್ಲೇ ಕೂತಿತ್ತು,
ಮರದ ವೇಷ ಹಾಕಿಕೊಂಡು.

"ಹಾಗಾದರೆ ಒಳ್ಳೆಯದು ಯಾವುದು?"
ಮೊದಲನೆಯದು ಎನ್ನಬಹುದಿತ್ತು. ಬಾಯಿ ಬರಲಿಲ್ಲ.
ಅವಳು ಸೌದೆ ಬುಟ್ಟಿಯಿಂದ ಒಂದು ಚೂರು ತೊಗಟೆ ಎತ್ತಿ
ಮೂಸಿ, ನನ್ನ ಮೂಗಿಗೂ ಹಿಡಿದು,
"ನಮ್ಮಪ್ಪ ಇದನ್ನ ಕಸ ಅಂತಿದ್ದ" ಎಂದು ಒಲೆಗೆ ಹಾಕಿದಳು.
ಅದು ಚಟಪಟ ಎಂದಿತು.

ಆಮೇಲೆ ಕನ್ನಡಕ ಹುಡುಕುತ್ತ ಕೇಳಿದಳು:
"ಆ ರಸೀದಿ ಎಲ್ಲಿಟ್ಟೆ?"